ಯಾವಾಗ ಹೊರಳಬೇಕು?

ಊಟ ಮುಗಿದ ಮೇಲೆ ಮೇಜಿನ ಮೇಲೆ ಪಾಯಸದ ಒಂದು ಹನಿ ಉಳಿದಿದೆ ಅನ್ನಿ. ಮಳೆಗಾಲದಲ್ಲಿ ಗೋವೆಯ ವೆರ್ಣಾದಲ್ಲಿ ನೊಣಕ್ಕೇನೂ ಬರವಿಲ್ಲ, ಒಂದು ಬಂದು ಕೂತೇ ಕೂರುತ್ತದೆ. ಅಮ್ಮ ಒರೆಸುವ ಬಟ್ಟೆ ತರುವ ಮೊದಲು ಒಂದು ನಿಮಿಷ ಬೇಡಿಕೊಳ್ಳಿ. ನೋಡುವಂಥದ್ದು ಇರುವುದೇ ಆಮೇಲೆ.

ನೊಣಕ್ಕೆ ರುಚಿ ಕಾಲಿನಲ್ಲೇ ಗೊತ್ತಾಗುತ್ತದೆ. ಸಿಹಿ ತುಳಿದ ಕೂಡಲೇ ಸೊಂಡಿಲು ಚಾಚಿ ಹೀರುತ್ತದೆ. ಹನಿ ಖಾಲಿಯಾಯಿತು. ಯಾರೂ ಬೆದರಿಸದಿದ್ದರೆ ಅದು ಹಾರಿಹೋಗುವುದಿಲ್ಲ, ನೇರವಾಗಿ ನಡೆಯುವುದೂ ಇಲ್ಲ. ಎರಡು ಹೆಜ್ಜೆ ಇಟ್ಟು ಎಡಕ್ಕೆ, ಮತ್ತೆರಡು ಇಟ್ಟು ಬಲಕ್ಕೆ, ಒಂದು ಸುತ್ತು ಹಾಕಿ ಮತ್ತೆ ಹನಿಯಿದ್ದ ಜಾಗಕ್ಕೆ. ಅಮೆರಿಕದ ಕೀಟವಿಜ್ಞಾನಿ ವಿನ್ಸೆಂಟ್ ಡೆಥಿಯರ್ 1957ರಲ್ಲಿ ಇದನ್ನು ನೊಣದ ಕುಣಿತ ಎಂದೇ ಬಣ್ಣಿಸಿದರು. ಹನಿ ಹೆಚ್ಚು ಸಿಹಿಯಾಗಿದ್ದಷ್ಟೂ ಕುಣಿತ ಜೋರು, ಹೆಚ್ಚು ಹೊತ್ತು. ಇತ್ತೀಚೆಗೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಆಕ್ಸೆಲ್ ಬ್ರಾಕ್‌ಮನ್ ಅವರ ತಂಡ ಹಣ್ಣಿನ ನೊಣಕ್ಕೂ ಜೇನುನೊಣಕ್ಕೂ ಸಕ್ಕರೆ ನೀರು ಕುಡಿಸಿ ಆಮೇಲಿನ ನಡಿಗೆಯನ್ನು ಗಮನಿಸಿತು. ಎರಡೂ ಅದೇ ಆಸುಪಾಸಿನಲ್ಲಿ ಸುತ್ತಿ ಸುತ್ತಿ ಹುಡುಕಿದವು.

ಇದರಲ್ಲೊಂದು ಜಾಣತನವಿದೆ. ಒಂದು ಹನಿ ಚೆಲ್ಲಿದ ಕಡೆ ಪಕ್ಕದಲ್ಲೇ ಇನ್ನೊಂದು ಚೆಲ್ಲಿರುವ ಸಾಧ್ಯತೆ ಹೆಚ್ಚು. ಪದೇ ಪದೇ ತಿರುಗಿದವನು ಇದ್ದ ಜಾಗ ಬಿಟ್ಟು ದೂರ ಹೋಗಲಾರ.

ಗದ್ದೆಗೆ ಇಳಿದರೆ ಇದೇ ಬುದ್ಧಿ ಇನ್ನೊಬ್ಬರಲ್ಲೂ ಕಾಣುತ್ತದೆ. ಗೋವೆಯಲ್ಲಿ ಭತ್ತದ ಕೊಯ್ಲಾದ ಮೇಲೆ ಅಲಸಂದೆ ಹಾಕುತ್ತಾರೆ. ಅಲಸಂದೆಯ ಎಳೆ ಕುಡಿಯನ್ನು ಬಗ್ಗಿಸಿ ನೋಡಿ, ಕಪ್ಪು ಗಿಡಹೇನುಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಅವನ್ನು ತಿನ್ನಲು ಗುಲಗಂಜಿ ಹುಳು ಬರುತ್ತದೆ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯ ದೊಡ್ಡ ಹುಳು ನಿಮಗೆ ಗೊತ್ತೇ ಇದೆ. ಅದರ ಮರಿ ಮಾತ್ರ ಅಪ್ಪ ಅಮ್ಮನನ್ನು ಚೂರೂ ಹೋಲುವುದಿಲ್ಲ: ಉದ್ದ ಮೈ, ಆರು ಕಾಲು, ಮುಳ್ಳುಮುಳ್ಳು ಬೆನ್ನು. ಹೊಟ್ಟೆ ಹಸಿದ ಮರಿ ಕಾಂಡದ ಮೇಲೆ ಸರಸರ ನೇರವಾಗಿ ಹೋಗುತ್ತದೆ. ಒಂದು ಹೇನು ಸಿಕ್ಕಿ ತಿಂದು ಮುಗಿಸಿತೋ, ನಡಿಗೆಯೇ ಬದಲು. ವೇಗ ತಗ್ಗುತ್ತದೆ, ತಲೆ ಅತ್ತಿತ್ತ ಆಡುತ್ತದೆ, ತಿರುವು ಹೆಚ್ಚುತ್ತದೆ. ಸ್ವಲ್ಪ ಹೊತ್ತು ಏನೂ ಸಿಗದಿದ್ದರೆ ಮತ್ತೆ ನೇರ ದಾರಿ ಹಿಡಿಯುತ್ತದೆ. ಗಿಡಹೇನು ಗುಂಪಾಗಿ ಬದುಕುವ ಜೀವಿ, ಒಂದು ಸಿಕ್ಕ ಕಡೆ ಹತ್ತು ಇರುತ್ತವೆ.

ಊರ ಮೇಲಿನ ಜಂಬಿಟ್ಟಿಗೆ ಹಾಸಿಗೂ ಹೋಗಿ ಬರೋಣ. ಕಾರ್ಖಾನೆಗಳ ಬೇಲಿಯಾಚೆ ಇನ್ನೂ ಅಲ್ಲಲ್ಲಿ ಉಳಿದಿರುವ ಆ ಕೆಂಪು ಬಯಲು ಬೇಸಿಗೆಯಲ್ಲಿ ಕಾದ ಕಾವಲಿ, ಮಳೆ ಬಂತೆಂದರೆ ಪುಟಾಣಿ ಹೂಗಳ ತೋಟ. ತೇವದ ಕಲ್ಲೊಂದನ್ನು ಮೆಲ್ಲಗೆ ಎತ್ತಿದರೆ (ದೊಡ್ಡವರು ಜೊತೆಗಿರಲಿ, ಚೇಳೂ ಇರಬಹುದು) ಬೂದು ಚಿಪ್ಪಿನ, ಹದಿನಾಲ್ಕು ಕಾಲಿನ ಒಂದು ಸಣ್ಣ ಪ್ರಾಣಿ ಸಿಗಬಹುದು. ವುಡ್‌ಲೌಸ್ ಅಂತಾರೆ. ಇದು ಹುಳುವಲ್ಲ, ಮಡಗಾಂವ್ ಮಾರುಕಟ್ಟೆಯ ಸಿಗಡಿ, ಏಡಿಗಳ ಹತ್ತಿರದ ನೆಂಟ. ನೆಲಕ್ಕೆ ಬಂದರೂ ಇದಕ್ಕೆ ಉಸಿರಾಡಲು ತೇವ ಬೇಕು. ಒಣಗಾಳಿಯಲ್ಲಿ ನಿಲ್ಲದೆ ಓಡಾಡುತ್ತದೆ, ತೇವ ಸಿಕ್ಕಿದ ಕಡೆ ನಿಂತುಬಿಡುತ್ತದೆ. ಕಲ್ಲಿನ ಅಡಿ ಎಲ್ಲಿದೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ಕೊನೆಗೆ ಎಲ್ಲರೂ ಅಲ್ಲೇ ಸೇರಿರುತ್ತಾರೆ. ಇಲ್ಲಿ ಮುಖ್ಯವಾಗಿ ಬದಲಾಗುವುದು ತಿರುವಲ್ಲ, ವೇಗ. ಆದ್ದರಿಂದ ಇದು ನಮ್ಮ ಕಥೆಯ ದಾಯಾದಿಯೇ ಹೊರತು ಒಡಹುಟ್ಟಲ್ಲ. ತಿರುವಿನ ಲೆಕ್ಕ ಬದಲಾದರೆ ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಕ್ಲೈನೋಕೈನೆಸಿಸ್. ನಾಲಿಗೆ ತೊಡರುತ್ತದೆ, ಬಾಯಿಪಾಠ ಮಾಡುವುದು ಬೇಡ.

ಇಷ್ಟು ಹೊತ್ತು ಹೇಳಿದ ಜೀವಿಗಳಿಗೆಲ್ಲ ಸಣ್ಣದಾದರೂ ಒಂದು ಮಿದುಳಿದೆ. ಮಿದುಳೇ ಇಲ್ಲದ, ಒಂದೇ ಒಂದು ಜೀವಕೋಶದ ಜೀವಿ ಏನು ಮಾಡುತ್ತದೆ?

ಇ. ಕೋಲೈ ಎಂಬ ಬ್ಯಾಕ್ಟೀರಿಯಾ ನಮ್ಮೆಲ್ಲರ ಕರುಳಿನಲ್ಲಿದೆ. ವೆರ್ಣಾದಲ್ಲಿ ಔಷಧ ಕಾರ್ಖಾನೆಗಳು ಹಲವಿವೆ. ನಿಮ್ಮ ಮನೆಯವರು ಯಾರಾದರೂ ಅಂಥ ಕಡೆ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರೆ ಈ ಹೆಸರು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಕಂಡರೆ ಕೊಳಕು ಸೇರಿದೆ ಎಂದರ್ಥ. ಉದ್ದ ಸುಮಾರು 2 ಮೈಕ್ರೋಮೀಟರ್, ಅಂದರೆ 500 ಬ್ಯಾಕ್ಟೀರಿಯಾ ಸಾಲಾಗಿ ನಿಂತರೆ ಒಂದು ಮಿಲಿಮೀಟರ್. ಮೈಯಿಂದ ಕೆಲವು ತೆಳು ಎಳೆಗಳು ಹೊರಟಿರುತ್ತವೆ. ಪ್ರತಿ ಎಳೆಯ ಬುಡದಲ್ಲಿ ತಿರುಗುವ ಒಂದು ಮೋಟಾರ್, ನಿಜವಾದ ಮೋಟಾರ್, ಸೆಕೆಂಡಿಗೆ ನೂರರಷ್ಟು ಸುತ್ತು!

ಮೋಟಾರುಗಳು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿದರೆ ಎಳೆಗಳೆಲ್ಲ ಒಂದಾಗಿ ಹೊಸೆದುಕೊಂಡು ಬ್ಯಾಕ್ಟೀರಿಯಾವನ್ನು ಮುಂದಕ್ಕೆ ತಳ್ಳುತ್ತವೆ. ಇದು ಓಟ. ಮೋಟಾರ್ ಮುಳ್ಳಿನ ದಿಕ್ಕಿಗೆ ಹೊರಳಿದರೆ ಎಳೆಗಳು ಬಿಚ್ಚಿಕೊಂಡು ಬ್ಯಾಕ್ಟೀರಿಯಾ ನಿಂತಲ್ಲೇ ಉರುಳಾಡುತ್ತದೆ. ಇದು ಹೊರಳು. ಆಮೇಲೆ ಮುಖ ಎತ್ತ ಇದೆಯೋ ಅತ್ತ ಮತ್ತೆ ಓಟ. 1972ರಲ್ಲಿ ಹೋವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್, ಈಜುವ ಒಂದೇ ಬ್ಯಾಕ್ಟೀರಿಯಾವನ್ನು ಬಿಡದೆ ಹಿಂಬಾಲಿಸುವ ಸೂಕ್ಷ್ಮದರ್ಶಕದಿಂದ ಇದನ್ನು ಅಳೆದರು. ಓಟ ಸುಮಾರು ಒಂದು ಸೆಕೆಂಡು, ಹೊರಳು ಅದರ ಹತ್ತನೇ ಒಂದು ಪಾಲು. ಒಂದು ಹೊರಳಿಗೆ ದಿಕ್ಕು ಸರಾಸರಿ 68 ಡಿಗ್ರಿ ಬದಲಾಗುತ್ತದೆ.

ಹೊರಳಿದ ಮೇಲೆ ಎತ್ತ ಹೋಗಬೇಕೆಂದು ಅದು ಆರಿಸುವುದಿಲ್ಲ. ಅದರ ಕೈಯಲ್ಲಿರುವುದು ಒಂದೇ: ಯಾವಾಗ ಹೊರಳಬೇಕು ಎಂಬುದು. ಓಡುತ್ತಾ ಓಡುತ್ತಾ ಆಹಾರದ ರುಚಿ ಹೆಚ್ಚುತ್ತಿದ್ದರೆ ಹೊರಳನ್ನು ಮುಂದಕ್ಕೆ ಹಾಕುತ್ತದೆ. ಇಲ್ಲವಾದರೆ ಎಂದಿನಂತೆ ಸೆಕೆಂಡಿಗೊಂದು ಹೊರಳು. ಒಳ್ಳೆಯ ದಿಕ್ಕಿನ ಓಟಗಳು ಉದ್ದ, ಉಳಿದವು ಗಿಡ್ಡ. ಕೂಡಿಸಿ ನೋಡಿದರೆ ಊಟದ ಕಡೆಗೇ ಬಂದಿರುತ್ತದೆ.

ರುಚಿ ಹೆಚ್ಚಿತು ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ತಲೆಯ ಕಡೆಯ ರುಚಿಯನ್ನೂ ಬಾಲದ ಕಡೆಯ ರುಚಿಯನ್ನೂ ಹೋಲಿಸುತ್ತದೆಯೇ, ಅಥವಾ ಈಗಿನದನ್ನು ಆಗಿನದರ ಜೊತೆಗೆ? ಅದೇ 1972ರಲ್ಲಿ ರಾಬರ್ಟ್ ಮ್ಯಾಕ್‌ನಾಬ್ ಮತ್ತು ಡೇನಿಯಲ್ ಕೋಶ್‌ಲ್ಯಾಂಡ್ ಬ್ಯಾಕ್ಟೀರಿಯಾಕ್ಕೊಂದು ಮೋಸ ಮಾಡಿದರು. ಇ. ಕೋಲೈನ ಬಂಧು ಸಾಲ್ಮೊನೆಲ್ಲಾ ಇದ್ದ ನೀರಿಗೆ ಅದಕ್ಕೆ ಇಷ್ಟವಾದ ಸೆರೀನ್ ಎಂಬ ವಸ್ತುವನ್ನು ಫಕ್ಕನೆ ಬೆರೆಸಿಬಿಟ್ಟರು, ಎಲ್ಲ ಕಡೆಯೂ ಸಮನಾಗಿ. ಈಗ ತಲೆಗೂ ಬಾಲಕ್ಕೂ ಒಂದೇ ರುಚಿ. ಆದರೂ ಬ್ಯಾಕ್ಟೀರಿಯಾಗಳು ಹೊರಳುವುದನ್ನು ಬಿಟ್ಟು, ತಾವು ಸರಿದಾರಿಯಲ್ಲೇ ಇದ್ದೇವೆಂದುಕೊಂಡು ನೇರವಾಗಿ ಈಜಿದವು! ಕೆಲವು ನಿಮಿಷಗಳಾದ ಮೇಲೆ ಹೊಸ ರುಚಿ ಹಳತಾಗಿ ಮತ್ತೆ ಮೊದಲಿನಂತೆ ಹೊರಳತೊಡಗಿದವು. ಅಂದರೆ ಅವಕ್ಕೆ ನೆನಪಿದೆ. ಓಡುವಾಗ ಹೋಲಿಸಿಕೊಳ್ಳುವ ಈ ನೆನಪು ಕೆಲವೇ ಸೆಕೆಂಡುಗಳದ್ದು, ಅಷ್ಟೇ ಸಾಕು. ಸುತ್ತಲಿನ ನೀರಿನ ಕಣಗಳು ಸದಾ ಡಿಕ್ಕಿ ಹೊಡೆಯುವುದರಿಂದ ಹತ್ತು ಸೆಕೆಂಡಿನೊಳಗೆ ಬ್ಯಾಕ್ಟೀರಿಯಾದ ಮುಖವೇ ಬೇರೆ ಕಡೆ ತಿರುಗಿರುತ್ತದೆ. ದಾರಿಯೇ ಬದಲಾದ ಮೇಲೆ ಹಳೆಯ ನೆನಪು ಯಾತಕ್ಕೆ? ಬ್ಯಾಕ್ಟೀರಿಯಾ ಕುರಿತು ನನಗೆ ಗೊತ್ತಿರುವುದರಲ್ಲಿ ಇಷ್ಟು ಸೊಗಸಾದದ್ದು ಇನ್ನೊಂದಿಲ್ಲ.

ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳಕ್ಕೆ 302 ನರಕೋಶಗಳಿವೆ. ಅದೂ ಬ್ಯಾಕ್ಟೀರಿಯಾದ ಹಾಗೇ ಮಾಡುತ್ತದೆ, ರುಚಿ ತಗ್ಗುತ್ತಾ ಬಂದರೆ ಹೆಚ್ಚು ಸಲ ಹಿಂದೆ ಸರಿದು ಹೊರಳುತ್ತದೆ.

ಸೂಕ್ಷ್ಮವಾಗಿ ಓದಿದವರು ಈಗ ತಕರಾರು ತೆಗೆಯಬೇಕು. ನೊಣ ಸಿಹಿ ಸಿಕ್ಕಾಗ ಹೆಚ್ಚು ತಿರುಗುತ್ತದೆ, ಬ್ಯಾಕ್ಟೀರಿಯಾ ಸಿಹಿ ಹೆಚ್ಚಿದಾಗ ಕಡಿಮೆ ಹೊರಳುತ್ತದೆ. ಎರಡೂ ಹೇಗೆ ಸರಿ? ನೀರಿನಲ್ಲಿ ಕರಗಿದ ರುಚಿ ದೂರದಿಂದ ಹತ್ತಿರಕ್ಕೆ ಸ್ವಲ್ಪ ಸ್ವಲ್ಪವೇ ಏರುತ್ತದೆ, ಏರುತ್ತಿರುವಾಗ ತಿರುಗುವುದು ದಡ್ಡತನ. ಮೇಜಿನ ಹನಿಗೆ ಅಂಥ ಏರು ಇಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆದರೆ ಇದ್ದ ಕಡೆ ಗುಂಪಾಗಿ ಇರುವುದೇ ಹೆಚ್ಚು, ಅದಕ್ಕೇ ಸಿಕ್ಕಲ್ಲೇ ಸುತ್ತುವುದು ಜಾಣತನ.

ಶಾಲೆಯ ಮೈದಾನದಲ್ಲಿ ಎರಡನ್ನೂ ಆಡಿ ನೋಡಿ. ಮೊದಲನೆಯದಕ್ಕೆ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ದೂರದಲ್ಲಿ ಚೆಂಡು ಇಡಿ. ಪ್ರತಿ ಹೆಜ್ಜೆಗೂ ಗೆಳೆಯರು ‘ಹತ್ತಿರ’ ಅಥವಾ ‘ದೂರ’ ಎಂದಷ್ಟೇ ಹೇಳಬೇಕು. ಎಡ, ಬಲ ಹೇಳುವಂತಿಲ್ಲ. ಹತ್ತಿರ ಅಂದರೆ ಹಾಗೇ ಮುಂದಕ್ಕೆ. ದೂರ ಅಂದರೆ ನಿಂತಲ್ಲೇ ಗಿರ್ರನೆ ಸುತ್ತಿ, ಮುಖ ನಿಂತ ಕಡೆಗೆ ಹೆಜ್ಜೆ. ಚೆಂಡು ಕಾಲಿಗೆ ತಾಗುವ ತನಕ ಆಡಿ.

ಎರಡನೆಯದಕ್ಕೆ ಹುಣಸೆ ಬೀಜ ಬೇಕು. ಅಲ್ಲಲ್ಲಿ ಗುಂಪು ಗುಂಪಾಗಿ ಚೆಲ್ಲಿ, ಕಣ್ಣು ಕಟ್ಟಿದ ಇಬ್ಬರನ್ನು ಕೈಯಿಂದ ತಡವುತ್ತಾ ಹುಡುಕಲು ಬಿಡಿ. ಒಬ್ಬರು ಯಾವಾಗಲೂ ನೇರ ಹೋಗಲಿ, ಇನ್ನೊಬ್ಬರು ಬೀಜ ಸಿಕ್ಕಾಗಲೆಲ್ಲ ಅಲ್ಲೇ ಸುತ್ತಲಿ. ಯಾರಿಗೆ ಎಷ್ಟು ಸಿಕ್ಕಿತೆಂದು ಎಣಿಸಿದ ಮೇಲೆ ಅದೇ ಬೀಜಗಳನ್ನು ಮೈದಾನದ ತುಂಬ ದೂರದೂರವಾಗಿ ಒಂದೊಂದೇ ಹರಡಿ ಮತ್ತೆ ಆಡಿ. ಈ ಸಲ ಸುತ್ತುವವರು ಸೋಲುತ್ತಾರೆಂದು ನನ್ನ ಪಂದ್ಯ.