ನಡೆಯದ ಪಾಠದ ಲೆಕ್ಕ: ಪದವಿ ಕಾಲೇಜು ಅಧ್ಯಾಪಕರ ರಾಜ್ಯ ಸಮಾವೇಶದ ಅಧ್ಯಕ್ಷ ಭಾಷಣ

  

ಸಮಾವೇಶಕ್ಕೆ ಗೊತ್ತುಪಡಿಸಿರುವ ವಿಷಯ, ಇಂದಿನ ಯುವಜನರಿಗೆ ಕಾಲೇಜು ಶಿಕ್ಷಣ ಸಾರ್ಥಕವೇ ಎಂಬುದು. ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ರಾಜ್ಯದ ಲಕ್ಷಾಂತರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯೂ ಇದೇ. ಅಲ್ಲಿ ಅದರ ರೂಪ ಇಷ್ಟು ಸಭ್ಯವಾಗಿರುವುದಿಲ್ಲ, ಡಿಗ್ರಿ ಮಾಡಿದವರಿಗೆ ಏನು ಸಿಕ್ಕಿದೆ ಎಂದು ನೇರವಾಗಿಯೇ ಕೇಳಲಾಗುತ್ತದೆ. ಅರ್ಥಶಾಸ್ತ್ರದಲ್ಲಿ ಇಂತಹ ಪ್ರಶ್ನೆಯನ್ನು ಅವಕಾಶ ವೆಚ್ಚದ ಮೂಲಕ, ಎಂದರೆ ಒಂದು ದಾರಿಯನ್ನು ಆರಿಸಿಕೊಂಡಾಗ ಕೈಬಿಟ್ಟುಹೋಗುವ ಇನ್ನೊಂದು ದಾರಿಯ ಗಳಿಕೆಯ ಮೂಲಕ ಅಳೆಯಲಾಗುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಓದುವ ವಿದ್ಯಾರ್ಥಿ ಕಟ್ಟುವ ಶುಲ್ಕ ದೊಡ್ಡದಲ್ಲ. ಆತ ನಿಜವಾಗಿ ತೆರುವ ಬೆಲೆ ಎಂದರೆ, ಗಾರ್ಮೆಂಟ್ ಕಾರ್ಖಾನೆಯಲ್ಲೋ ಮೊಬೈಲ್ ಅಂಗಡಿಯಲ್ಲೋ ಊಟದ ಪೊಟ್ಟಣ ತಲುಪಿಸುವ ಬೈಕಿನ ಮೇಲೋ ಗಳಿಸಬಹುದಾಗಿದ್ದ ಮೂರು ವರ್ಷಗಳ ಸಂಬಳ.

ಅಂಕಿಅಂಶಗಳು ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ವರದಿಯಂತೆ ಕರ್ನಾಟಕದ ಒಟ್ಟು ದಾಖಲಾತಿ ಅನುಪಾತ, ಎಂದರೆ 18ರಿಂದ 23 ವರ್ಷದವರ ಜನಸಂಖ್ಯೆಗೆ ಹೋಲಿಸಿದಾಗ ಉನ್ನತ ಶಿಕ್ಷಣಕ್ಕೆ ದಾಖಲಾದವರ ಪ್ರಮಾಣ, ಶೇ. 36.2ರಷ್ಟಿದ್ದು, ರಾಷ್ಟ್ರದ ಸರಾಸರಿ ಶೇ. 28.4ಕ್ಕಿಂತ ಸಾಕಷ್ಟು ಮೇಲಿದೆ. ಇನ್ನೊಂದು ಕಡೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಕೂಡಿ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ದೇಶದ ಪದವೀಧರ ಯುವಜನರ ನಿರುದ್ಯೋಗ ಶೇ. 29.1 ಇದ್ದರೆ, ಓದು ಬರಹ ಬಾರದ ಯುವಜನರಲ್ಲಿ ಅದು ಶೇ. 3.4 ಮಾತ್ರ. ಈ ಎರಡನೆಯ ಜೋಡಿ ಅಂಕಿಗಳನ್ನು ಹಿಡಿದುಕೊಂಡು, ಓದಿದಷ್ಟೂ ಕೆಲಸ ದೂರ ಎಂದು ವೇದಿಕೆಗಳಲ್ಲಿ ಸಾರುವವರಿಗೆ ಕೊರತೆಯಿಲ್ಲ. ಆದರೆ ನಿರುದ್ಯೋಗಿ ಎಂದು ಸಮೀಕ್ಷೆಯಲ್ಲಿ ಎಣಿಕೆಯಾಗಬೇಕಾದರೆ ಕೆಲಸ ಹುಡುಕುತ್ತ ಕಾಯುವ ಶಕ್ತಿ ಮನೆಯಲ್ಲಿರಬೇಕು. ಅಕ್ಷರ ಬಾರದ ಕೂಲಿಕಾರನಿಗೆ ಕಾಯುವ ಅನುಕೂಲವೇ ಇಲ್ಲದಿರುವುದರಿಂದ ಆತ ಸಿಕ್ಕಿದ ಕೂಲಿಗೆ ಹೋಗುತ್ತಾನೆ, ಸಮೀಕ್ಷೆ ಆತನನ್ನು ಉದ್ಯೋಗಿಗಳ ಸಾಲಿಗೆ ಸೇರಿಸುತ್ತದೆ. ಪದವೀಧರರ ಕಾಯುವಿಕೆ ಸುಳ್ಳಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡಲು ಹೊರಟದ್ದೇ ಆ ಕಾಯುವಿಕೆಗೆ ಸರ್ಕಾರದ ಮೊಹರು ಬಿದ್ದಂತೆ.

ಪದವಿಯ ಪ್ರಯೋಜನ ಸಂಬಳದಲ್ಲಷ್ಟೇ ಇಲ್ಲ ಎಂಬುದು ಈ ಸಭೆಗೆ ತಿಳಿಯದ ಸಂಗತಿಯಲ್ಲ. ಗೆಜೆಟೆಡ್ ಪ್ರೊಬೇಷನರ್, ಪಿಎಸ್‌ಐ, ಪಿಡಿಒ, ಬ್ಯಾಂಕ್ ಅಧಿಕಾರಿ ಹುದ್ದೆಗಳ ಅಧಿಸೂಚನೆಗಳಲ್ಲಿ ಪದವಿ ಎಂಬ ಒಂದು ಪದ ಕಾವಲುಗಾರನಂತೆ ಬಾಗಿಲಲ್ಲಿ ನಿಂತಿರುವುದರಿಂದ, ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಕೇಂದ್ರಗಳ ಮೆಟ್ಟಿಲು ಹತ್ತುವ ಸಾವಿರಾರು ಮಂದಿಗೆ ಕಾಲೇಜು ಎಂದರೆ ಆ ಬಾಗಿಲಿನ ಟಿಕೇಟು. ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕ ಬೇರೆಯೇ ಇದೆ: ಹೆಸರು ಹಾಜರಿ ಪುಸ್ತಕದಲ್ಲಿ ಇರುವವರೆಗೆ ಮದುವೆಯ ಮಾತನ್ನು ಮುಂದೂಡಬಹುದೆಂಬುದು ಹಳ್ಳಿಯಿಂದ ಬರುವ ವಿದ್ಯಾರ್ಥಿನಿಗೆ ಚೆನ್ನಾಗಿ ಗೊತ್ತು, ಮತ್ತು 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ತಾಲ್ಲೂಕು ಕೇಂದ್ರಕ್ಕೆ ಬರಲು ಬಸ್ಸಿನ ಹಣವನ್ನು ಮನೆಯಲ್ಲಿ ಕೇಳುವ ಅವಮಾನವೂ ತಪ್ಪಿದೆ. ಆ ಮೂರು ವರ್ಷಗಳ ಬೆಲೆಯನ್ನು ಯಾವ ಸಮೀಕ್ಷೆಯೂ ರೂಪಾಯಿಯಲ್ಲಿ ಬರೆದಿಲ್ಲ.

ಪರವಾಗಿ ಇರಲಿ, ವಿರುದ್ಧವಾಗಿ ಇರಲಿ, ಈ ಎಲ್ಲ ವಾದಗಳೂ ಒಂದು ಸಂಗತಿಯನ್ನು ಪರೀಕ್ಷಿಸದೆಯೇ ಒಪ್ಪಿಕೊಂಡುಬಿಟ್ಟಿವೆ: ಕಾಲೇಜಿಗೆ ಹೋದವರಿಗೆ ಅಲ್ಲಿ ಪಾಠ ಸಿಗುತ್ತದೆ ಎಂಬುದನ್ನು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಒಪ್ಪಿಕೊಂಡರೂ, ಆ ಒಕ್ಕಾಲನ್ನು ಕಲಿಸಲಾದರೂ ತರಗತಿಯಲ್ಲಿ ಯಾರಾದರೊಬ್ಬರು ಇರಬೇಕಾಗುತ್ತದೆ. ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆ ನಿಂತಿರುವುದು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. ಅವರ ನೇಮಕಕ್ಕೆ ಆಧಾರ ಕಾರ್ಯಭಾರ, ಎಂದರೆ ಒಂದು ಕಾಲೇಜಿನ ಒಂದು ವಿಷಯಕ್ಕೆ ವಾರಕ್ಕೆ ಬೇಕಾಗುವ ಬೋಧನಾ ಗಂಟೆಗಳ ಮೊತ್ತ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯನ್ನು ಗೊತ್ತುಪಡಿಸಿರುವುದರಿಂದ, ಕಾಯಂ ಅಧ್ಯಾಪಕರಿಗೆ ಹಂಚಿ ಮಿಕ್ಕ ಗಂಟೆಗಳೆಲ್ಲ ಅತಿಥಿಗಳ ಪಾಲಿಗೆ ಬರುತ್ತವೆ. ಮಿಕ್ಕದ್ದು ಎಂಬ ಮಾತು ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ; ಹಲವು ಗ್ರಾಮೀಣ ಕಾಲೇಜುಗಳಲ್ಲಿ ವಿಭಾಗಕ್ಕೆ ವಿಭಾಗವೇ ಮಿಕ್ಕದ್ದರ ಪಟ್ಟಿಯಲ್ಲಿದೆ.

ತಿಥಿ ಗೊತ್ತಿಲ್ಲದೆ ಬರುವವನೇ ಅತಿಥಿ ಎಂಬ ಹಳೆಯ ವ್ಯುತ್ಪತ್ತಿಯನ್ನು ಈ ನೇಮಕಾತಿ ಪದ್ಧತಿಯಷ್ಟು ಅಕ್ಷರಶಃ ಪಾಲಿಸಿದ ವ್ಯವಸ್ಥೆ ಬೇರೊಂದಿಲ್ಲ. ಸೆಮಿಸ್ಟರ್ ಆರಂಭವಾಗುತ್ತದೆ, ಪ್ರವೇಶ ಮುಗಿಯುತ್ತದೆ, ವೇಳಾಪಟ್ಟಿ ಸೂಚನಾಫಲಕಕ್ಕೆ ಬೀಳುತ್ತದೆ. ಆದರೆ ಕಾರ್ಯಭಾರದ ಪರಿಶೀಲನೆ, ಆನ್‌ಲೈನ್ ಅರ್ಜಿ, ಕೌನ್ಸೆಲಿಂಗ್, ಅದರ ಮೇಲಿನ ಆಕ್ಷೇಪಣೆ, ಒಮ್ಮೊಮ್ಮೆ ನ್ಯಾಯಾಲಯದ ತಡೆ ಎಲ್ಲವೂ ದಾಟಿ ಅತಿಥಿ ಉಪನ್ಯಾಸಕರು ತರಗತಿಗೆ ಕಾಲಿಡುವ ಹೊತ್ತಿಗೆ ಪಠ್ಯದ ಮೊದಲೆರಡು ಘಟಕಗಳ ಕಾಲ ಕಳೆದುಹೋಗಿರುತ್ತದೆ. 2021ರ ಡಿಸೆಂಬರಿನಲ್ಲಿ ಮತ್ತು 2023ರ ಕೊನೆಯಲ್ಲಿ ಅವರು ತರಗತಿ ಬಹಿಷ್ಕರಿಸಿ ಧರಣಿ ಕೂತಾಗ ನಷ್ಟವಾದ ದಿನಗಳನ್ನು ಪತ್ರಿಕೆಗಳು ಎಣಿಸಿದವು; ಆದೇಶ ತಡವಾಗಿ ಪ್ರತಿವರ್ಷ ನಷ್ಟವಾಗುವ ದಿನಗಳನ್ನು ಯಾರೂ ಎಣಿಸಲಿಲ್ಲ, ಏಕೆಂದರೆ ಆ ನಷ್ಟಕ್ಕೆ ಧರಣಿಯ ಸದ್ದಿರಲಿಲ್ಲ.

ಗೌರವಧನದ ಇತಿಹಾಸವೂ ಇಲ್ಲಿ ದಾಖಲಾಗಬೇಕು. 2022ರ ಜನವರಿಯವರೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000 ರೂಪಾಯಿ ಇತ್ತು. ಆ ತಿಂಗಳ ಆದೇಶ ಅದನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ 26,000ದಿಂದ 32,000ದವರೆಗಿನ ನಾಲ್ಕು ಹಂತಗಳಿಗೆ ಏರಿಸಿತಾದರೂ, ಜೊತೆಗೇ ವಾರದ ಬೋಧನೆಯನ್ನು 15 ಗಂಟೆಗೆ ಹೆಚ್ಚಿಸಿದ್ದರಿಂದ, ಇಬ್ಬರು ಹಂಚಿಕೊಳ್ಳುತ್ತಿದ್ದ ಕಾರ್ಯಭಾರ ಒಬ್ಬರಿಗೇ ಸಾಲದಾಗಿ ಅನೇಕರ ಹೆಸರು ಪಟ್ಟಿಯಿಂದಲೇ ಉದುರಿಹೋಯಿತು. 2024ರ ಆರಂಭದಲ್ಲಿ ಸೇವಾವಧಿಯ ಲೆಕ್ಕದಲ್ಲಿ 5,000ದಿಂದ 8,000 ರೂಪಾಯಿಯ ಹೆಚ್ಚಳವೂ, ಅರವತ್ತು ತುಂಬಿ ಹೊರನಡೆಯುವಾಗ 5 ಲಕ್ಷದ ಇಡುಗಂಟೂ ಘೋಷಣೆಯಾದವು. ಆಯೋಗವೇ 2019ರಲ್ಲಿ ಅತಿಥಿ ಬೋಧಕರಿಗೆ ಪ್ರತಿ ತರಗತಿಗೆ 1,500, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಮಾರ್ಗಸೂಚಿ ನೀಡಿತ್ತೆಂಬುದನ್ನು ನೆನೆದರೆ, ಆಯೋಗದ ಅರ್ಹತಾ ನಿಯಮ ಮಾತ್ರ ಅನ್ವಯವಾಗಿ ಅದರ ದರ ಅನ್ವಯವಾಗದಿರುವುದು ಯಾವ ತರ್ಕವೆಂಬುದು ತಿಳಿಯುವುದಿಲ್ಲ.

ಕಾಯಂ ನೇಮಕಾತಿಯ ಕಥೆ ಇದಕ್ಕಿಂತ ಚುರುಕಾಗೇನೂ ಇಲ್ಲ. 2021ರಲ್ಲಿ ಅಧಿಸೂಚನೆ ಹೊರಟ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆದು, ಭೂಗೋಳಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯ ಪ್ರಕರಣವೂ ಅದರ ಜೊತೆ ಸೇರಿಕೊಂಡು, ಆಯ್ಕೆಯಾದವರು ಆದೇಶಪತ್ರಕ್ಕಾಗಿ ವರ್ಷ ಮೀರಿ ಕಾದರು. ಅಷ್ಟರಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ ಮತ್ತೆ ಮೂರು ವರ್ಷದ ಪದವಿ ಮರಳಿತು, ಮತ್ತು ಆ ವರ್ಷ ಒಂದೇ ಕಾಲೇಜಿನ ಮೊದಲ ವರ್ಷಕ್ಕೆ ಒಂದು ಪಠ್ಯಕ್ರಮ, ಮೇಲಿನ ತರಗತಿಗಳಿಗೆ ಇನ್ನೊಂದು ಪಠ್ಯಕ್ರಮ ನಡೆಯಿತು. ಪ್ರತಿ ಬದಲಾವಣೆಯಲ್ಲೂ ಕಾರ್ಯಭಾರದ ಲೆಕ್ಕ ಬದಲಾಯಿತು. ಲೆಕ್ಕ ಬದಲಾದಾಗಲೆಲ್ಲ ಮೊದಲು ಕುತ್ತಿಗೆಗೆ ಬಂದದ್ದು ಅತಿಥಿಗಳಿಗೆ.

ಇದರ ಫಲ ವಿದ್ಯಾರ್ಥಿಯ ಮೇಲೆ ಹೇಗಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಸರ್ಕಾರದ ಕಡತಗಳಲ್ಲಿ ಈ ಕಾರಣ ಮತ್ತು ಪರಿಣಾಮ ತಲೆಕೆಳಗಾಗಿ ದಾಖಲಾಗಿವೆ. ಅಧ್ಯಾಪಕರಿಲ್ಲದ ಮೊದಲ ತಿಂಗಳು ವಿದ್ಯಾರ್ಥಿ ದಿನವೂ ಬರುತ್ತಾನೆ. ಎರಡನೆಯ ತಿಂಗಳು ವಾರಕ್ಕೆರಡು ದಿನ ಬರುತ್ತಾನೆ. ಮೂರನೆಯ ತಿಂಗಳು ಸಂಬಳದ ಕೆಲಸ ಹಿಡಿಯುತ್ತಾನೆ. ಕೊನೆಗೆ ಬಂದ ಉಪನ್ಯಾಸಕರು ಖಾಲಿ ಬೆಂಚುಗಳನ್ನು ನೋಡುತ್ತಾರೆ, ಶೇ. 75ರ ಹಾಜರಾತಿಯನ್ನು ಹೇಗೋ ಹೊಂದಿಸಲಾಗುತ್ತದೆ, ಪರೀಕ್ಷೆಗೆ ಮುನ್ನಾ ವಾರ ಗೈಡ್ ಪುಸ್ತಕ ಕೈಗೆ ಬರುತ್ತದೆ. ವಿದ್ಯಾರ್ಥಿಗಳ ನಿರಾಸಕ್ತಿಯಿಂದ ತರಗತಿ ಖಾಲಿ ಎಂದು ವರದಿ ಹೋಗುತ್ತದೆ. ದಾಖಲಾತಿ ಇಳಿದಿದೆ ಎಂಬ ಕಾರಣಕ್ಕೆ ಮರುವರ್ಷ ಕಾರ್ಯಭಾರ ಕಡಿತವಾಗುತ್ತದೆ. ಕಾರ್ಯಭಾರ ಕಡಿತವಾದ ಕಾಲೇಜಿಗೆ ಅದರ ಮರುವರ್ಷ ಇನ್ನಷ್ಟು ಕಡಿಮೆ ಮಂದಿ ಸೇರುತ್ತಾರೆ. ಮೂರು ವರ್ಷದಲ್ಲಿ ಅರ್ಧದಷ್ಟೂ ಪಾಠ ಕೇಳದೆ ಹೊರಬಂದವನು ಡಿಗ್ರಿಯಿಂದ ಏನೂ ಪ್ರಯೋಜನವಿಲ್ಲ ಎಂದು ತಮ್ಮನಿಗೆ ಹೇಳಿದರೆ, ಅದು ಕಾಲೇಜು ಶಿಕ್ಷಣದ ಬಗ್ಗೆ ಹೇಳಿದ ಸತ್ಯವಲ್ಲ. ಕಾಲೇಜು ಶಿಕ್ಷಣ ಆತನಿಗೆ ಸಿಗಲೇ ಇಲ್ಲ.

ಸಾರ್ಥಕವೇ ಎಂಬ ಪ್ರಶ್ನೆಗೆ ಐಟಿಐ ಮತ್ತು ಡಿಪ್ಲೊಮಾಗಳೇ ಉತ್ತರವೆಂಬ ವಾದವನ್ನು ಈ ಸಂಘಟನೆಯ ಒಂದು ಬಣ ಬಹುಕಾಲದಿಂದ ಶತ್ರುವಿನ ವಾದವೆಂದೇ ಕಂಡಿದೆ. ಆ ಹಗೆ ಅನಗತ್ಯ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೇ 1943ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯ ಹುಟ್ಟಿಗೂ ಕಾರಣರಾದರು. ಒಂದು ಇನ್ನೊಂದಕ್ಕೆ ಅಡ್ಡಿಯೆಂದು ಅವರಿಗೆ ತೋರಲಿಲ್ಲ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನರ ಬಾಯಲ್ಲಿ ಜಿಟಿಟಿಸಿ, ಅಚ್ಚು ತಯಾರಿಕೆಯ ಡಿಪ್ಲೊಮಾ ಪಡೆದವರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುವಂತೆ ಮಾಡಿದ್ದು ಯಂತ್ರದ ಎದುರು ಕಲಿಸುವವರೊಬ್ಬರು ಪ್ರತಿದಿನ ನಿಂತಿದ್ದರಿಂದ. ಇತ್ತ ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗಳು, ಎಂದರೆ ಓದಿನ ಒಂದು ಭಾಗವನ್ನು ಉದ್ಯಮದಲ್ಲಿ ಶಿಷ್ಯವೇತನದೊಂದಿಗೆ ಮುಗಿಸುವ ಕೋರ್ಸುಗಳು, ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಶುರುವಾಗಿವೆ. ಉದ್ಯಮವೇ ಇಲ್ಲದ ತಾಲ್ಲೂಕಿನಲ್ಲಿ ಅವು ಏನಾಗುತ್ತವೆಂಬುದನ್ನು ಕಾದು ನೋಡಬೇಕು.

ಸಮಾವೇಶದ ಮುಂದಿಡಲಾಗುವ ಸಲಹೆಗಳಲ್ಲಿ ಮೊದಲನೆಯದು, ಸೆಮಿಸ್ಟರ್ ಆರಂಭವಾಗುವ 30 ದಿನ ಮೊದಲೇ ಅತಿಥಿ ಉಪನ್ಯಾಸಕರ ಆದೇಶ ಕಾಲೇಜಿಗೆ ತಲುಪಬೇಕು, ಮತ್ತು ಆ ಆದೇಶ ರಜಾಕಾಲವನ್ನೂ ಒಳಗೊಂಡು 12 ತಿಂಗಳದ್ದಾಗಿರಬೇಕು ಎಂಬುದು. ಪ್ರತಿ ಕಾಲೇಜೂ ಪ್ರವೇಶ ಅರ್ಜಿಯ ಜೊತೆಗೆ, ವಿಷಯವಾರು ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಹಿಂದಿನ ವರ್ಷ ವಾಸ್ತವವಾಗಿ ನಡೆದ ತರಗತಿಗಳ ಸಂಖ್ಯೆ ಇರುವ ಒಂದು ಪುಟವನ್ನು ಪೋಷಕರ ಕೈಗಿಡಬೇಕು. ಸಾರ್ಥಕವೇ ಎಂಬುದನ್ನು ಆಮೇಲೆ ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಕೊನೆಯ ಪರೀಕ್ಷೆಯಾದ 45 ದಿನಗಳೊಳಗೆ ಅಂಕಪಟ್ಟಿ ಕೈಸೇರಬೇಕು, ಏಕೆಂದರೆ ವಿಶ್ವವಿದ್ಯಾಲಯಗಳಿಗೂ ಕಾಲೇಜುಗಳಿಗೂ ಏಕೀಕೃತ ತಂತ್ರಾಂಶ ಬಂದ ಮೇಲೂ ಅಂಕಪಟ್ಟಿಗಾಗಿ ಅಲೆಯುವುದು ತಪ್ಪಿಲ್ಲ. ಐಟಿಐ ಮುಗಿಸಿದವರು ದುಡಿಯುತ್ತಲೇ ಪದವಿ ಓದಲು ಸಂಜೆ ಕಾಲೇಜುಗಳು ಜಿಲ್ಲೆಗೊಂದಾದರೂ ಬೇಕು. ಪ್ರತಿ ತಾಲ್ಲೂಕಿನಲ್ಲಿ ರಾತ್ರಿ ಹತ್ತರವರೆಗೆ ತೆರೆದಿರುವ ಗ್ರಂಥಾಲಯವೂ, ಅದರ ಮುಂದೆ ನಿಲ್ಲುವ ಕೊನೆಯ ಬಸ್ಸೂ ಇರಬೇಕು. ಶಾಸಕರ ಮಕ್ಕಳು ಒಂದು ಸೆಮಿಸ್ಟರ್ ಮಟ್ಟಿಗಾದರೂ ತಮ್ಮ ಕ್ಷೇತ್ರದ ಸರ್ಕಾರಿ ಕಾಲೇಜಿನಲ್ಲಿ ಓದುವಂತಾಗಲಿ ಎಂಬ ಆಸೆಯನ್ನೂ ಇಲ್ಲಿ ಬರೆದಿಡಲಾಗಿದೆ. ಅದು ಈಡೇರುವುದೆಂಬ ಭ್ರಮೆ ಯಾರಿಗೂ ಇಲ್ಲ.

ಕೊನೆಯದಾಗಿ ಮನೆಯೊಳಗಿನ ಒಂದು ಮಾತು. ಅತಿಥಿ ಉಪನ್ಯಾಸಕರಿಗೆ ಈ ಸಂಘಟನೆಯಲ್ಲಿ ಮತದಾನದ ಹಕ್ಕಿರುವ ಸದಸ್ಯತ್ವ ನೀಡಬೇಕೆಂಬ ಗೊತ್ತುವಳಿಯೊಂದು ಹಿಂದಿನ ಸಮಾವೇಶವೊಂದರಲ್ಲಿ ಮಂಡನೆಯಾಗಿತ್ತು. ಒಳಗೆ ಬಂದರೆ ಕಾಯಂ ಹುದ್ದೆ ಕೇಳುತ್ತಾರೆ, ವರ್ಗಾವಣೆಯಲ್ಲಿ ಅಡ್ಡಬರುತ್ತಾರೆ ಎಂಬ ವಾದ ಮುಂದಾಗಿ, ಅದು ಮತಕ್ಕೆ ಹಾಕಲ್ಪಡದೆಯೇ ಊಟದ ವಿರಾಮ ಘೋಷಣೆಯಾಯಿತು. ನಡಾವಳಿ ಪುಸ್ತಕದಲ್ಲಿ ಚರ್ಚಿಸಲಾಯಿತು ಎಂಬ ಒಂದೇ ಪದ ಉಳಿದಿದೆ. ಅಂದು ಅದನ್ನು ಮಂಡಿಸಿದವರೇ ಇಂದು ಅಧ್ಯಕ್ಷಪೀಠದಲ್ಲಿರುವುದು ಕಾಲದ ತಮಾಷೆ. ಈ ಬಾರಿ ಅದೇ ಗೊತ್ತುವಳಿಯನ್ನು ಎಂಟನೆಯ ಕಲಮಾಗಿ ಕಾರ್ಯಕಾರಿ ಸಮಿತಿಗೆ ಕಳಿಸಲಾಗಿತ್ತಾದರೂ, ಪ್ರತಿನಿಧಿಗಳ ಚೀಲದಲ್ಲಿರುವ ಮುದ್ರಿತ ಕರಡಿನಲ್ಲಿ ಏಳರ ನಂತರ ನೇರವಾಗಿ ಒಂಬತ್ತು ಬಂದಿದೆ. ಅಚ್ಚಿನ ದೋಷವೆಂದು ಸಮಿತಿ ಹೇಳಿದೆ. ಪ್ರತಿನಿಧಿಗಳು ದಯವಿಟ್ಟು ಎಂಟನೆಯ ಕಲಮನ್ನು ಆ ಜಾಗದಲ್ಲಿ ಕೈಯಿಂದ ಬರೆದುಕೊಳ್ಳಬೇಕು. ಮಧ್ಯಾಹ್ನದ ಗೋಷ್ಠಿಯಲ್ಲಿ ಊಟಕ್ಕೆ ಮೊದಲೇ ಅದು ಮತಕ್ಕೆ ಬರಲಿದೆ.