‘ಚಾಲಕ ಪರಾರಿ’ಯಾದ ಮೇಲೆ

(ಚಾಲಕರು ಹಾಗೂ ಕಾನೂನು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಅಪಘಾತದ ಸುದ್ದಿಯನ್ನು ನಾವು ವರದಿಗಾರರು ಎಷ್ಟೋ ಸಲ ಒಂದೇ ಸಾಲಿನಿಂದ ಮುಗಿಸುತ್ತೇವೆ: ‘ಚಾಲಕ ಪರಾರಿಯಾಗಿದ್ದಾನೆ; ಪೊಲೀಸರು ಪ್ರಕರಣ ದಾಖಲಿಸಿದ್ದಾರೆ.’ ಪತ್ರಿಕೆಗೆ ಸುದ್ದಿ ಅಲ್ಲಿಗೆ ಮುಗಿಯಿತು. ಸತ್ತವರ ಮನೆಯಲ್ಲಿ ಅದು ಅಲ್ಲಿಂದ ಶುರುವಾಗುತ್ತದೆ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಆರೋಪಿ ಚಾಲಕ ಇಂಥ ಮನೆಯವರ ಕ್ಷಮೆ ಕೇಳಬೇಕೇ?

ಇದು ಮೋಟಾರು ಬಂದ ಮೇಲೆ ಹುಟ್ಟಿದ ಪ್ರಶ್ನೆಯಲ್ಲ. ತಿರುವಾರೂರಿನ ಮನುನೀತಿ ಚೋಳನ ಕಥೆಯನ್ನು ನೆನೆಯಿರಿ. ರಾಜಕುಮಾರನ ರಥಕ್ಕೆ ಸಿಕ್ಕಿ ಕರುವೊಂದು ಸಾಯುತ್ತದೆ. ತಾಯಿ ಹಸು ಅರಮನೆಯ ಗಂಟೆ ಬಾರಿಸುತ್ತದೆ. ಶಾಸ್ತ್ರೋಕ್ತ ಪ್ರಾಯಶ್ಚಿತ್ತ ಸಾಕೆನ್ನುತ್ತಾರೆ ಮಂತ್ರಿಗಳು. ಅದರಿಂದ ಹಸುವಿನ ನೋವು ಶಮನವಾದೀತೇ ಎಂದು ರಾಜ ಕೇಳುತ್ತಾನೆ. ಮಗನ ಮೇಲೆಯೇ ರಥ ಹರಿಸುತ್ತಾನೆ. 12ನೇ ಶತಮಾನದ ತಮಿಳು ಕೃತಿ ‘ಪೆರಿಯ ಪುರಾಣ’ ಈ ಕಥೆಯನ್ನು ಹೇಳುತ್ತದೆ. ಆ ಶಿಕ್ಷೆ ನಮಗೆ ಬೇಡ. ಆದರೆ ರಾಜನ ಪ್ರಶ್ನೆ ಬೇಕು. ನಾವೂ ದೇವರಿಗೆ ತಪ್ಪುಕಾಣಿಕೆ ಹಾಕುತ್ತೇವೆ. ಹುಂಡಿಗೆ ಬಿದ್ದದ್ದು ನೊಂದವರ ಮನೆಗೆ ಮುಟ್ಟುವುದಿಲ್ಲ.

ಹಾಗಾದರೆ ಚಾಲಕ ಏಕೆ ಬಾಯಿ ಬಿಡುವುದಿಲ್ಲ? ಮನಸ್ಸು ಕಲ್ಲಾಗಿದೆ ಎಂದಲ್ಲ. ಮೊದಲನೆಯದು ಹೊಡೆತದ ಭಯ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಗಾಯಾಳುವಿಗೆ ಚಿಕಿತ್ಸೆ ಕೊಡಿಸುವ ಹೊಣೆಯನ್ನು ಚಾಲಕನಿಗೆ ಹೊರಿಸುತ್ತಲೇ, ಜನರ ಆಕ್ರೋಶದಿಂದ ಅದು ಸಾಧ್ಯವಾಗದಿರಬಹುದೆಂದೂ ಒಪ್ಪುತ್ತದೆ. ಎರಡನೆಯದು ಸೆರೆಮನೆಯ ಭಯ. ಹಳೆಯ ದಂಡ ಸಂಹಿತೆಯ 304-ಎ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಗರಿಷ್ಠ 2 ವರ್ಷ ಸಜೆಯಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು 5 ವರ್ಷಕ್ಕೆ ಏರಿಸಿದೆ. ಮನೆಯವರ ಮುಂದೆ ‘ತಪ್ಪು ನನ್ನದೇ’ ಎಂದದ್ದು ನಾಳೆ ನ್ಯಾಯಾಲಯದಲ್ಲಿ ಸಾಕ್ಷ್ಯವಾದೀತು. ಮೂರನೆಯದು ವಿಮೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದೆಂಬ ಷರತ್ತು ವಾಹನ ವಿಮಾ ಪತ್ರದಲ್ಲೇ ಇರುತ್ತದೆ.

ಈ ಗಂಟನ್ನು ಬೇರೆ ಕಡೆ ಬಿಡಿಸಿದ್ದಾರೆ. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 1974ರಲ್ಲಿ ಶಾಸಕರೊಬ್ಬರ ಮಗಳು ಸೈಕಲ್ ಮೇಲೆ ಹೋಗುವಾಗ ಕಾರು ಬಡಿದು ಸತ್ತಳು. ಚಾಲಕ ಕೊನೆಗೂ ವಿಷಾದದ ಮಾತಾಡಲಿಲ್ಲ. ಆಡಿದರೆ ಅದೇ ತಪ್ಪೊಪ್ಪಿಗೆಯಾದೀತೆಂಬ ಭಯ ಕಾರಣವೆಂದು ತಂದೆಗೆ ತಿಳಿಯಿತು. ಅಪಘಾತದಲ್ಲಿ ನೊಂದವರಿಗೆ ಹೇಳಿದ ಸಹಾನುಭೂತಿಯ ಮಾತನ್ನು ಸಿವಿಲ್ ದಾವೆಯಲ್ಲಿ ಹೊಣೆಯ ಒಪ್ಪಿಗೆಯಾಗಿ ಬಳಸಬಾರದೆಂಬ ಕಾನೂನು 1986ರಲ್ಲಿ ಅಲ್ಲಿ ಬಂತು. ಜಪಾನಿನಲ್ಲಿ ಮೃತರ ಮನೆಗೆ ಹೋಗುವುದು, ಕ್ಷಮಾಪಣೆ ಪತ್ರ ಬರೆಯುವುದು ರೂಢಿ. ಶಿಕ್ಷೆ ವಿಧಿಸುವಾಗ ನ್ಯಾಯಾಲಯ ಪಶ್ಚಾತ್ತಾಪವನ್ನೂ ಗಮನಿಸುತ್ತದೆ. ಅಪಾಯವೂ ಅಲ್ಲೇ ಇದೆ. ಶಿಕ್ಷೆ ತಗ್ಗಿಸಿಕೊಳ್ಳಲು ಬಂದವನೋ, ಸಂಕಟದಿಂದ ಬಂದವನೋ ಎಂದು ಮನೆಯವರು ತಿಳಿಯುವುದು ಹೇಗೆ?

ಆದ್ದರಿಂದ ಎರಡು ಮಾತನ್ನು ಬೇರೆ ಮಾಡಿ ನೋಡೋಣ. ‘ನಿಮ್ಮ ಮಗ ಹೋದದ್ದು ನನ್ನನ್ನು ಸುಡುತ್ತಿದೆ’ ಎಂಬುದು ದುಃಖ. ‘ತಪ್ಪು ನನ್ನದು’ ಎಂಬುದು ತಪ್ಪೊಪ್ಪಿಗೆ. ಎರಡನೆಯದನ್ನು ಯಾರೂ ಬಲವಂತದಿಂದ ಹೇಳಿಸುವಂತಿಲ್ಲ. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಅದು ಕಾಯಬಹುದು. ಮೊದಲನೆಯದು ಕಾಯಬೇಕಿಲ್ಲ. ಅದಕ್ಕೆ ರಕ್ಷಣೆ ಕೊಡುವ ಕಾನೂನು ನಮ್ಮಲ್ಲೂ ಬರಬೇಕು.

ಅಲ್ಲಿಯ ತನಕ? ನೇರವಾಗಿ ಬಾಗಿಲು ತಟ್ಟಿದರೆ ಸಾಕ್ಷಿಗಳ ಮೇಲೆ ಪ್ರಭಾವ ಬೀರಿದ ಆರೋಪ ಬಂದೀತು. ವಕೀಲರನ್ನು ಕೇಳಿ, ಅವರ ಮೂಲಕವೇ ನಾಲ್ಕು ಸಾಲು ಕಳಿಸಿ. ರಾಜಿ ಪತ್ರವನ್ನು ಮಾತ್ರ ಅದರ ಜೊತೆ ಇಡಬೇಡಿ. ಪರಿಹಾರದ ದಾರಿ ಬೇರೆಯೇ ಇದೆ: ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ ರೂಪಾಯಿ ಕೊಡಿಸುವ 164ನೇ ಕಲಮನ್ನು 2019ರ ತಿದ್ದುಪಡಿ ತಂದಿದೆ.

ಆ ಮನೆಯವರು ಪತ್ರ ಒಡೆಯದೆ ಹಿಂದಿರುಗಿಸಬಹುದು. ಅದು ಅವರ ಹಕ್ಕು. ಕ್ಷಮಿಸಲೇಬೇಕೆಂದು ಹೇಳಲು ನಾವು ಯಾರು? ಆದರೆ ತಮ್ಮ ಮಗ ಸತ್ತದ್ದು ಇನ್ನೊಬ್ಬನ ನಿದ್ದೆಯನ್ನೂ ಕೆಡಿಸಿದೆ ಎಂಬುದು ಅವರ ಕಿವಿಗೆ ಬೀಳಲಿ.