ಕಣ್ಣಿಗೆ ಹಾಕಿದ ಹನಿ ಎಲ್ಲಿಗೆ ಹೋಗುತ್ತದೆ?

ನಾನು ಗಾರ್ಕಿಂಗ್‌ನಿಂದ ಮಾತಾಡುತ್ತಿದ್ದೇನೆ. ಓದಿದ್ದು ಕನ್ನಡ ಎಂ.ಎ., ಔಷಧ ವಿಜ್ಞಾನವಲ್ಲ. ಆದರೂ ಈ ವಿಷಯ ಆರಿಸಿಕೊಂಡೆ, ಏಕೆಂದರೆ ಇದು ಊರಲ್ಲಿರುವ ನಿಮ್ಮ ಅಜ್ಜ ಅಜ್ಜಿಯರ ಕಣ್ಣಿನ ವಿಷಯ.

ಕಣ್ಣಿಗೆ ಔಷಧಿ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಗುತ್ತದಲ್ಲ, ಯಾಕೆ ಗೊತ್ತೇ? ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಸಣ್ಣ ನಾಳವಿದೆ. ಕಣ್ಣೀರಿನ ಜೊತೆ ಔಷಧಿಯೂ ಅಲ್ಲಿ ಇಳಿದುಹೋಗುತ್ತದೆ. ಕೆನ್ನೆಗೆ ಹರಿದದ್ದು ಬೇರೆ. ಕಣ್ಣಿನೊಳಗೆ ಸೇರುವುದು ಸಾಮಾನ್ಯವಾಗಿ ನೂರರಲ್ಲಿ 5 ಪಾಲಿಗಿಂತ ಕಡಿಮೆ. ಇನ್ನು ಕಣ್ಣಿನ ಮುಂಭಾಗದ ಕಾರ್ನಿಯಾದ ಹೊರಪದರ ಕೊಬ್ಬಿನ ಗುಣದ್ದು, ನಡುವಿನದು ನೀರಿನ ಗುಣದ್ದು. ನೀರಲ್ಲಿ ಕರಗುವ ಔಷಧಿಗೆ ಮೊದಲ ಬಾಗಿಲೇ ಕಷ್ಟ, ಕೊಬ್ಬಲ್ಲಿ ಕರಗುವುದಕ್ಕೆ ಎರಡನೆಯದು.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಉಪಾಯ ನಮ್ಮ ಹೂರಣದ ಕಡುಬಿನಂತಿದೆ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್‌ನಂಥ ಕೊಬ್ಬು ನೀರಿನಲ್ಲಿ ತಾನಾಗಿಯೇ ಸುತ್ತಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಯಾಗುತ್ತದೆ. ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಇದರ ಹೆಸರು ಲೈಪೋಸೋಮ್. ನೀರಲ್ಲಿ ಕರಗುವ ಔಷಧಿ ಹೂರಣದ ಹಾಗೆ ಒಳಗೆ, ಕೊಬ್ಬಲ್ಲಿ ಕರಗುವುದು ಕಣಕದಲ್ಲೇ. ಈ ಹೊದಿಕೆ ನಮ್ಮ ಜೀವಕೋಶದ ಪೊರೆಯಂಥದ್ದೇ ಆದ್ದರಿಂದ ಕಣ್ಣಿನ ಮೇಲೆ ಹೆಚ್ಚು ಹೊತ್ತು ನಿಂತು, ಔಷಧಿಯನ್ನು ನಿಧಾನವಾಗಿ ಬಿಟ್ಟುಕೊಡಬಲ್ಲದು. ಇಂಥ ಪೊರೆಗಳು ಹೇಗೆ ಬಾಗುತ್ತವೆ, ಹೇಗೆ ನಡುಗುತ್ತವೆ ಎಂಬುದನ್ನು ಇಲ್ಲೇ ನಮ್ಮ ಗಾರ್ಕಿಂಗ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎರಿಕ್ ಸಾಕ್ಮನ್ ವರ್ಷಗಟ್ಟಲೆ ಅಧ್ಯಯನ ಮಾಡಿದರು.

2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಿಸುಡೈನ್ ಲೈಪೋಸೋಮ್ ಔಷಧಿಯೇ. ಅದನ್ನು ತೋಳಿನ ರಕ್ತನಾಳಕ್ಕೆ ಕೊಟ್ಟು, ಕಣ್ಣಿಗೆ ಲೇಸರ್ ಬೆಳಕು ಹಾಯಿಸಿ, ಅಕ್ಷಿಪಟಲದ ಹಿಂದೆ ಸೋರುವ ರಕ್ತನಾಳಗಳನ್ನು ಮುಚ್ಚುತ್ತಾರೆ. ಕಣ್ಣು ಒಣಗುವವರಿಗೆ, ಮುಚ್ಚಿದ ರೆಪ್ಪೆಯ ಮೇಲೆ ಸಿಂಪಡಿಸುವ ಲೈಪೋಸೋಮ್ ಸ್ಪ್ರೇ ಇಲ್ಲಿನ ಅಪೊಥೇಕೆಯಲ್ಲೇ ಸಿಗುತ್ತದೆ. ಆದರೆ ಈ ಗುಳ್ಳೆಗಳು ಇಟ್ಟಲ್ಲೇ ಸೋರಬಹುದು. ಕ್ರಿಮಿಶುದ್ಧಿಗೆ ಕಾಯಿಸಿದರೆ ಕೆಡಬಹುದು. ಹಾಗಾಗಿ ಗ್ಲಾಕೋಮಾ ಇರುವ ಹೆಚ್ಚಿನವರು ಇಂದಿಗೂ ನೆಚ್ಚಿಕೊಂಡಿರುವುದು ಮಾಮೂಲಿ ಹನಿಯನ್ನೇ.

ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ, ಸದ್ದಿಲ್ಲದೆ ದೃಷ್ಟಿ ಕಸಿಯುತ್ತದೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ. ಆದ್ದರಿಂದ ಹಾಕಿದ ಹನಿ ಪೋಲಾಗಬಾರದು. ಒಮ್ಮೆಗೆ ಒಂದೇ ಹನಿ ಸಾಕು. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಎರಡು ನಿಮಿಷ ಕೂರಬೇಕು. ಎರಡು ಬಗೆಯ ಔಷಧಿ ಇದ್ದರೆ ನಡುವೆ 5 ನಿಮಿಷವಾದರೂ ಬಿಡಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಈ ವಾರ ವಿಡಿಯೋ ಕಾಲ್ ಮಾಡಿದಾಗ, "ಅಜ್ಜಿ, ಕಣ್ಣಿಗೆ ಔಷಧಿ ಹೇಗೆ ಹಾಕ್ಕೋತೀರಾ, ತೋರಿಸಿ" ಅನ್ನಿ. ಮೂಲೆ ಒತ್ತುವುದನ್ನು ನೀವೇ ಮಾಡಿ ತೋರಿಸಿ. ಇಂಗ್ಲಿಷ್ ಬೆರೆತ ಕನ್ನಡವಾದರೂ ಪರವಾಗಿಲ್ಲ, ಅವರಿಗೆ ಅರ್ಥವಾಗುತ್ತದೆ. ನಿಮ್ಮ ಫೋನಿಗಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವವರು ಅವರು.